ಕಪ್ಪು-ಬಿಳುಪು ಪ್ರಿಂಟು ಟ್ಯೂಬ್‌ಲೈಟಲ್ಲಿ ಹಸಿರು, ಕಿಟಕಿ ಹತ್ರ ಗುಲಾಬಿ: ಇಂಕ್‌ಜೆಟ್‌ನಲ್ಲಿ ಸರಿಯಾದ ಬೂದು ತೆಗೆಯೋದು ಹೇಗೆ?

ಜಯನಗರ_ನಾಲ್ಕನೇಬ್ಲಾಕ್

ಎಲ್ಲರಿಗೂ ನಮಸ್ಕಾರ. ಕೆ.ಆರ್. ಮಾರ್ಕೆಟ್ಟಿನ ಹೂವಿನ ವ್ಯಾಪಾರದ ಕಪ್ಪು-ಬಿಳುಪು ಚಿತ್ರಗಳನ್ನು ಎ4 ಅಳತೆಯಲ್ಲಿ ಮನೆಯಲ್ಲೇ ಪ್ರಿಂಟ್ ತೆಗೆದು, ಫ್ರೇಮ್ ಹಾಕಿಸಿ, ಜನವರಿಯ ಚಿತ್ರಸಂತೆಗೆ (ಬೆಂಗಳೂರಿನ ಬೀದಿ ಕಲಾಮೇಳ) ಮಾರಾಟಕ್ಕೆ ಇಡಬೇಕೆಂದಿದ್ದೇನೆ. ಇರೋದು ಆರು ಬಣ್ಣದ ಇಂಕ್‌ಟ್ಯಾಂಕ್ ಪ್ರಿಂಟರ್. ಎಲ್ಲಾ ಡೈ ಇಂಕ್ (ದ್ರವದಲ್ಲಿ ಕರಗಿದ ಬಣ್ಣ): ಕಪ್ಪು, ಸಯಾನ್, ಮೆಜೆಂಟಾ, ಹಳದಿ, ತಿಳಿ ಸಯಾನ್, ತಿಳಿ ಮೆಜೆಂಟಾ. ಗ್ರೇ ಇಂಕ್ ಇಲ್ಲ. ಇಂಕ್ ಕಂಪನಿಯದೇ, ಪೇಪರ್ ಮಾತ್ರ ಬೇರೆ ಬ್ರ್ಯಾಂಡಿನ 260 ಜಿಎಸ್‌ಎಂ ಗ್ಲಾಸಿ. ವಿಂಡೋಸ್, ಫೋಟೋಶಾಪ್.

ತೊಂದರೆಗಳು ಇವು. ಬೂದು ಭಾಗಗಳು ಟ್ಯೂಬ್‌ಲೈಟಲ್ಲಿ ಹಸಿರಾಗಿ, ಕಿಟಕಿ ಬೆಳಕಲ್ಲಿ ಗುಲಾಬಿಯಾಗಿ ಕಾಣ್ತವೆ. ಮಾನಿಟರಲ್ಲಿ ಬುಟ್ಟಿಯ ಹೆಣಿಗೆ ಎಳೆ ಎಳೆಯಾಗಿ ಕಾಣುತ್ತೆ, ಪ್ರಿಂಟಲ್ಲಿ ಅದು ಬರೀ ಕಪ್ಪು ಮುದ್ದೆ. ಬೆಳಗಿನ ಮಂಜಿನ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ. ಡ್ರೈವರಲ್ಲಿ ಗ್ರೇಸ್ಕೇಲ್ ಟಿಕ್ ಮಾಡಿದರೆ ಹಸಿರು ಹೋಗುತ್ತೆ, ಆದರೆ ಮಲ್ಲಿಗೆ ಹೂವಿನ ಮೇಲೆ ಮೆಣಸಿನಪುಡಿ ಚೆಲ್ಲಿದ ಹಾಗೆ ಕರಿ ಚುಕ್ಕೆ. ಸೆಟ್ಟಿಂಗಲ್ಲೇ ಸರಿಮಾಡಬಹುದಾ, ಇಲ್ಲ ಪ್ರಿಂಟರ್ ಬದಲಿಸಲೇಬೇಕಾ?

ಬೂದುಪಟ್ಟಿ

ಸಾರ್, ಒಂದೊಂದು ತೊಂದರೆಗೂ ಬೇರೆ ಬೇರೆ ಕಾರಣ. ಎಲ್ಲಕ್ಕೂ ಸೇರಿಸಿ ಒಂದೇ ಮದ್ದು ಹುಡುಕಬೇಡಿ.

ಮೊದಲು ಬಣ್ಣದ ಛಾಯೆ. ಪ್ರಿಂಟನ್ನು ಮೂರು ಬೆಳಕಲ್ಲಿ ನೋಡಿ: ಕಿಟಕಿ, ಟ್ಯೂಬ್‌ಲೈಟ್, ಹಳದಿ ಎಲ್‌ಇಡಿ. ಮೂರರಲ್ಲೂ ಒಂದೇ ಛಾಯೆ ಇದ್ದರೆ ಪ್ರೊಫೈಲ್ (ಈ ಪ್ರಿಂಟರು ಈ ಪೇಪರಲ್ಲಿ ಬಣ್ಣ ಹೇಗೆ ಹಾಕುತ್ತೆ ಅಂತ ಹೇಳುವ ಫೈಲ್), ಸೆಟ್ಟಿಂಗ್ ಅಥವಾ ಇಂಕಿನ ದೋಷ. ಬೆಳಕು ಬದಲಾದ ಹಾಗೆ ಛಾಯೆಯೂ ಬದಲಾದರೆ ಅದು ಮೆಟಮೆರಿಸಂ. ನಿಮ್ಮದು ಎರಡನೆಯದು, ಅದರ ಜೊತೆಗೆ ಮೊದಲನೆಯದೂ ಸ್ವಲ್ಪ ಸೇರಿರಬಹುದು.

ಗ್ರೇ ಇಂಕ್ ಇಲ್ಲದ ಪ್ರಿಂಟರು ನಡುವಿನ ಬೂದನ್ನೆಲ್ಲಾ ಸಯಾನ್, ಮೆಜೆಂಟಾ, ಹಳದಿ ಬೆರೆಸಿ ಕಟ್ಟುತ್ತೆ. ಆ ಮೂರರ ತೂಕ ಸರಿಹೋಗೋದು ಯಾವುದೋ ಒಂದು ಬೆಳಕಿಗೆ ಮಾತ್ರ. ಟ್ಯೂಬ್‌ಲೈಟಿನ ಬೆಳಕು ಸೂರ್ಯನ ಬೆಳಕಿನ ಹಾಗೆ ಎಲ್ಲಾ ಬಣ್ಣದಲ್ಲೂ ಸಮ ಅಲ್ಲ, ಹಸಿರಿನ ಜಾಗದಲ್ಲಿ ದೊಡ್ಡ ಮುಳ್ಳು ಎದ್ದಿರುತ್ತೆ. ಅಲ್ಲಿಗೆ ತೂಕ ತಪ್ಪಿತು. ಕಣ್ಣಾರೆ ನೋಡಬೇಕಾದರೆ ನಗರ್ತಪೇಟೆಯಲ್ಲಿ ಚಿನ್ನದ ಕೆಲಸದವರು ಬಳಸುವ 10x ಲೂಪ್ (ಚಿಕ್ಕ ಭೂತಗನ್ನಡಿ) ಸಿಗುತ್ತೆ, ಒಂದು ತಗೊಳ್ಳಿ. ತಿಳಿ ಬೂದಿನ ಮೇಲಿಟ್ಟು ನೋಡಿದರೆ ನೀಲಿ, ಗುಲಾಬಿ, ಹಳದಿ ಚುಕ್ಕೆಗಳು ಒಂದರ ಪಕ್ಕ ಒಂದು ಕೂತಿರೋದು ಕಾಣುತ್ತೆ. ಕಪ್ಪು ಇಂಕು ಕಾಣಿಸಿಕೊಳ್ಳೋದು ಗಾಢ ಭಾಗದಲ್ಲಿ.

ಇದನ್ನು ಪೂರ್ತಿ ಹೋಗಲಾಡಿಸೋಕೆ ಆಗಲ್ಲ, ಕಮ್ಮಿ ಮಾಡಬಹುದು. ಮೊದಲು ಡಬಲ್ ಪ್ರೊಫೈಲ್ (ಫೋಟೋಶಾಪೂ ಡ್ರೈವರೂ ಸೇರಿ ಎರಡೆರಡು ಸಲ ಬಣ್ಣ ತಿದ್ದೋದು) ಆಗ್ತಿದೆಯಾ ನೋಡಿ, ಹತ್ತರಲ್ಲಿ ಎಂಟು ಕೇಸ್ ಅದೇ. ಫೋಟೋಶಾಪಿನ ಪ್ರಿಂಟ್ ಕಿಟಕಿಯಲ್ಲಿ ‘ಫೋಟೋಶಾಪ್ ಮ್ಯಾನೇಜಸ್ ಕಲರ್ಸ್’ ಆರಿಸಿ ಪ್ರೊಫೈಲ್ ಕೊಟ್ಟಮೇಲೆ ಡ್ರೈವರ್ ತನ್ನ ಪಾಡಿಗೆ ಬಣ್ಣ ತಿದ್ದಬಾರದು. ಎಪ್ಸನ್ ಡ್ರೈವರ್ ಆದರೆ ‘ಮೋರ್ ಆಪ್ಷನ್ಸ್’ ಟ್ಯಾಬಿನಲ್ಲಿ ಕಲರ್ ಕರೆಕ್ಷನ್ ಕಸ್ಟಮ್‌ಗೆ ಹಾಕಿ, ಅಡ್ವಾನ್ಸ್ಡ್ ಒಳಗೆ ‘ನೋ ಕಲರ್ ಅಡ್ಜಸ್ಟ್‌ಮೆಂಟ್’. ಇಬ್ಬರೂ ತಿದ್ದಿದರೆ ಪ್ರಿಂಟ್ ಗಾಢವಾಗಿ ಮೆಜೆಂಟಾ ಕಡೆ ವಾಲುತ್ತೆ. ಫೋಟೋಶಾಪಿನ ಅದೇ ಪ್ರಿಂಟ್ ಕಿಟಕಿಯಲ್ಲಿ ರೆಂಡರಿಂಗ್ ಇಂಟೆಂಟ್ ರಿಲೇಟಿವ್ ಕಲರಿಮೆಟ್ರಿಕ್, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ ಆನ್.

ಆಮೇಲೆ ಪೇಪರ್. ನಿಮ್ಮದು ಬೇರೆ ಬ್ರ್ಯಾಂಡ್ ಅಂದ್ರಿ. ಆ ಕಂಪನಿ ನಿಮ್ಮ ಪ್ರಿಂಟರಿಗೆ ಐಸಿಸಿ ಪ್ರೊಫೈಲ್ ಕೊಟ್ಟಿಲ್ಲ ಅಂದ್ರೆ, ಪ್ರಿಂಟರ್ ಕಂಪನಿಯ ಗ್ಲಾಸಿ ಪ್ರೊಫೈಲನ್ನು ಅದಕ್ಕೆ ತೊಡಿಸಿದ ಹಾಗಾಯ್ತು. ಕಲರ್ ಫೋಟೋದಲ್ಲಿ ಅದು ಗೊತ್ತೇ ಆಗಲ್ಲ, ಬೂದಿನಲ್ಲಿ ಎದ್ದು ಕಾಣುತ್ತೆ. ಪ್ರಿಂಟರ್ ಕಂಪನಿಯದೇ ಗ್ಲಾಸಿ ಅಥವಾ ಲಸ್ಟರ್ (ಅರೆ ಹೊಳಪಿನ) ಚಿಕ್ಕ ಪ್ಯಾಕ್ ತಂದು ಅದೇ ಫೈಲ್ ಹಾಕಿ ನೋಡಿ. ವ್ಯತ್ಯಾಸ ದೊಡ್ಡದಾಗಿದ್ದರೆ ದೋಷ ಯಾರದು ಅಂತ ಗೊತ್ತಾಗಿಹೋಗುತ್ತೆ.

ಮೂರನೆಯದು ಹಳೇ ಉಪಾಯ, ನನಗೆ ಇಷ್ಟವಾದದ್ದು. ಶುದ್ಧ ಬೂದಿನ ಹಿಂದೆ ಬೀಳಬೇಡಿ, ಬೇಕಂತಲೇ ಸ್ವಲ್ಪ ಬೆಚ್ಚಗಿನ ಛಾಯೆ ಕೊಡಿ. ಶುದ್ಧ ಬೂದು ಒಂದು ಕೂದಲೆಳೆ ಹಸಿರಾದರೂ ಕಣ್ಣು ಹಿಡಿಯುತ್ತೆ, ಬೆಚ್ಚಗಿನ ಬೂದು ಅಷ್ಟೇ ಅಲುಗಾಡಿದರೆ ಯಾರಿಗೂ ಗೊತ್ತಾಗಲ್ಲ. ಫೈಲನ್ನು ಆರ್‌ಜಿಬಿಯಲ್ಲಿ ಇಡಿ (ಗ್ರೇಸ್ಕೇಲ್ ಮೋಡ್‌ನಲ್ಲಿ ಟೋನ್ ಹಾಕೋಕೆ ಬರಲ್ಲ), ಕಲರ್ ಬ್ಯಾಲೆನ್ಸ್ ಲೇಯರ್‌ನ ಮಿಡ್‌ಟೋನಿನಲ್ಲಿ ರೆಡ್ +3, ಹಳದಿ ಕಡೆಗೆ −6 ಇಟ್ಟು ಶುರು ಮಾಡಿ. ಹೈಲೈಟ್ ಮುಟ್ಟಬೇಡಿ, ಮುಟ್ಟಿದರೆ ಮಲ್ಲಿಗೆ ಹೋಗಿ ಸೇವಂತಿಗೆ ಆಗುತ್ತೆ.

ಗ್ರೇಸ್ಕೇಲ್ ಟಿಕ್ ವಿಷಯ: ಅದು ಬಣ್ಣದ ಇಂಕುಗಳನ್ನು ಬದಿಗಿಟ್ಟು ಕಪ್ಪೊಂದರಲ್ಲೇ ಅಚ್ಚು ಹಾಕುತ್ತೆ. ತಿಳಿ ಬೂದು ಬೇಕಾದ ಕಡೆ ಕಪ್ಪು ಚುಕ್ಕೆಗಳನ್ನು ದೂರ ದೂರ ಇಡೋದು ಬಿಟ್ಟು ಅದಕ್ಕೆ ಬೇರೆ ದಾರಿಯಿಲ್ಲ. ನೀವು ಹೇಳಿದ ಮೆಣಸಿನಪುಡಿ ಅದೇ. ಕೆಲವು ಡ್ರೈವರುಗಳು ಫೋಟೋ ಪೇಪರ್ ಆರಿಸಿದ್ದರೆ ಟಿಕ್ ಇದ್ದರೂ ಬಣ್ಣ ಬೆರೆಸ್ತವೆ. ಲೂಪ್ ಇದ್ದರೆ ಅದೂ ಗೊತ್ತಾಗುತ್ತೆ.

ಕತ್ತಲಕೋಣೆ

ಬುಟ್ಟಿ ಮುದ್ದೆಯಾಗೋದಕ್ಕೆ ಮುಕ್ಕಾಲು ಪಾಲು ಕಾರಣ ಮಾನಿಟರ್. ಅಂಗಡಿಯಿಂದ ಬಂದ ಮಾನಿಟರ್ 250 ಕ್ಯಾಂಡೆಲಾಗಿಂತ ಮೇಲೇ ಉರೀತಿರುತ್ತೆ. ಪ್ರಿಂಟಿಗೆ ಬೇಕಾದ್ದು ಚದರ ಮೀಟರಿಗೆ 80ರಿಂದ 120. ಅಳೆಯೋ ಸಾಧನ ಇಲ್ಲದಿದ್ದರೆ ಹೀಗೆ ಮಾಡಿ: ಪ್ರಿಂಟ್ ನೋಡುವ ದೀಪ ಹಾಕಿ, ಮಾನಿಟರ್ ಪಕ್ಕ ಒಂದು ಬಿಳಿ ಹಾಳೆ ನಿಲ್ಲಿಸಿ, ಪರದೆ ಮೇಲೆ ಖಾಲಿ ಬಿಳಿ ಕಿಟಕಿ ತೆರೆಯಿರಿ. ಎರಡೂ ಒಂದೇ ಹೊಳಪು ಅನ್ನಿಸುವವರೆಗೆ ಮಾನಿಟರ್ ಇಳಿಸಿ. ಮೊದಲ ದಿನ ತೀರಾ ಮಂಕು ಅನ್ನಿಸುತ್ತೆ, ಅಷ್ಟೇ. ಲ್ಯಾಪ್‌ಟಾಪ್ ಆದರೆ ಆಟೋ ಬ್ರೈಟ್‌ನೆಸ್ ಮತ್ತು ನೈಟ್ ಲೈಟ್ ಎರಡೂ ಆಫ್.

ದೀಪದ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿರೋದು ಹೆಚ್ಚಾಗಿ ‘ಕೂಲ್ ಡೇ ಲೈಟ್’ ಅಂತ ಬರೆದ 6500 ಕೆಲ್ವಿನ್ ಟ್ಯೂಬ್. ಅದರಡಿ ನಿಂತು ಪ್ರಿಂಟಿಗೆ ತೀರ್ಪು ಕೊಡಬೇಡಿ. 4000 ಕೆಲ್ವಿನ್ನಿನ, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಂಕ) 90ಕ್ಕೆ ಮೇಲಿರುವ ಒಂದು ಎಲ್‌ಇಡಿ ಬಲ್ಬ್ ಸಾಕು. ಡಬ್ಬದ ಮೇಲೆ ಸಿಆರ್‌ಐ ಬರೆದಿಲ್ಲ ಅಂದ್ರೆ ಅದು 80 ಅಂತ ತಿಳ್ಕೊಳ್ಳಿ.

ಈಗ ಬೂದು ಪಟ್ಟಿ. ಇದೊಂದು ಮಾಡದೆ ಚಿತ್ರವನ್ನೇ ಮತ್ತೆ ಮತ್ತೆ ಹಾಕಿ ನೋಡೋರು ಪೇಪರ್ ಕಂಪನಿ ಸಾಕ್ತಾರೆ ಅಷ್ಟೇ. 10×15 ಸೆಂ.ಮೀ. ಹಾಳೆ, ಅದರಲ್ಲಿ ಮೂರು ಸಾಲು. ಮೇಲಿನ ಸಾಲಲ್ಲಿ 0ರಿಂದ 100ರವರೆಗೆ 5 ಶೇಕಡಾ ಹೆಜ್ಜೆಯ 21 ಚೌಕ. ಎರಡನೇ ಸಾಲು ಗಾಢ ಭಾಗಕ್ಕೆ: ಆರ್‌ಜಿಬಿ 0, 4, 8, 12, 16, 20, 24, 28, 32. ಮೂರನೆಯದು ತಿಳಿ ಭಾಗಕ್ಕೆ: 255, 253, 251, 249, 247, 245, 240. ಚೌಕಗಳ ನಡುವೆ ಬಿಳಿ ಗೆರೆ ಬಿಡಬೇಡಿ, ಒಂದಕ್ಕೊಂದು ಅಂಟಿಕೊಂಡಿರಲಿ. ಗೆರೆ ಇದ್ದರೆ ಕಣ್ಣು ಮೋಸಹೋಗಿ ಇಲ್ಲದ ವ್ಯತ್ಯಾಸ ಕಾಣುತ್ತೆ. ಚಿತ್ರಕ್ಕೆ ಬಳಸುವ ಅದೇ ಪೇಪರ್, ಅದೇ ಮೀಡಿಯಾ ಟೈಪ್, ಅದೇ ಕ್ವಾಲಿಟಿಯಲ್ಲಿ ಹಾಕಿ ರಾತ್ರಿ ಪೂರ್ತಿ ಒಣಗಲು ಬಿಡಿ. ಡೈ ಇಂಕ್ ಒಣಗ್ತಾ ಒಣಗ್ತಾ ಛಾಯೆ ಬದಲಿಸುತ್ತೆ, ಪ್ರಿಂಟರಿಂದ ಬಂದ ತಕ್ಷಣ ನೋಡಿದ್ದು ಲೆಕ್ಕಕ್ಕಿಲ್ಲ.

ಬೆಳಗ್ಗೆ ಓದಬೇಕಾದ್ದು ಎರಡೇ ಸಂಖ್ಯೆ. ಕಪ್ಪಿನಿಂದ ಬೇರೆಯಾಗಿ ಮೊದಲು ಕಾಣುವ ಚೌಕ ಯಾವುದು? ಬರೀ ಪೇಪರಿನಿಂದ ಬೇರೆಯಾಗಿ ಕಾಣುವ ಮೊದಲ ಚೌಕ ಯಾವುದು?

ಆಕಾಶದ ಪಟ್ಟೆ: ಮೆಟ್ಟಿಲು ಮೆಟ್ಟಿಲಾಗಿದ್ದರೆ ಅದು ಫೈಲಿನದು. 8 ಬಿಟ್ ಜೆಪೆಗ್ ತಿದ್ದಿರ್ತೀರಿ. ಕ್ಯಾಮೆರಾದ ಕಚ್ಚಾ ಫೈಲು, ಅಂದ್ರೆ ರಾ ಫೈಲಿಂದ 16 ಬಿಟ್ಟಿನಲ್ಲಿ ತೆಗೆದು, ಟಿಫ್ ಆಗಿಯೇ ಉಳಿಸಿ, ಕೊನೆಗೆ ಆಕಾಶಕ್ಕೆ 1–2 ಶೇಕಡಾ ಏಕವರ್ಣದ ನಾಯ್ಸ್ ಸೇರಿಸಿ. ಹಾಗಲ್ಲದೆ ಪ್ರಿಂಟ್ ಹೆಡ್ ಓಡುವ ದಿಕ್ಕಿನಲ್ಲಿ ಒಂದೇ ಅಂತರದಲ್ಲಿ ಸಣ್ಣ ಬಿಳಿ ಗೆರೆ ಇದ್ದರೆ ಅದು ನಾಜಲ್ (ಇಂಕ್ ಚಿಮ್ಮುವ ರಂಧ್ರ) ದೋಷ. ಆಗ ನಾಜಲ್ ಚೆಕ್, ಹೆಡ್ ಅಲೈನ್‌ಮೆಂಟ್ ಮಾಡಿ, ಹೈ ಸ್ಪೀಡ್ ಟಿಕ್ ತೆಗೀರಿ.

ಜಯನಗರ_ನಾಲ್ಕನೇಬ್ಲಾಕ್

ಇಬ್ಬರಿಗೂ ಧನ್ಯವಾದ. ಪಟ್ಟಿ ಹಾಕಿದೆ. 0ಯಿಂದ 20ರವರೆಗೆ ಒಂದೇ ಕಪ್ಪು, 24 ಬೇರೆ ಕಾಣುತ್ತೆ. ಬಿಳಿ ಕಡೆ 249ರಿಂದ ಕಾಣುತ್ತೆ. ಡ್ರೈವರಲ್ಲಿ ಕಲರ್ ಕರೆಕ್ಷನ್ ಆಟೋದಲ್ಲೇ ಇತ್ತು, ತೆಗೆದೆ. ಗುಲಾಬಿ ಬಹಳ ಇಳಿದಿದೆ, ಟ್ಯೂಬ್‌ಲೈಟಿನ ಹಸಿರು ಮಾತ್ರ ಸ್ವಲ್ಪ ಉಳಿದಿದೆ. ಈಗ ಆ 20 ಅನ್ನೋ ಸಂಖ್ಯೆಯನ್ನು ಏನು ಮಾಡಲಿ?

ಕತ್ತಲಕೋಣೆ

ಚಿತ್ರದ ಎಲ್ಲಾ ಲೇಯರುಗಳ ಮೇಲೆ ಒಂದು ಕರ್ವ್ಸ್ ಲೇಯರ್. ಎಡ ಮೂಲೆಯ ಬಿಂದುವನ್ನು 0ಯಿಂದ 16ಕ್ಕೆ ಎತ್ತಿ, 128ನ್ನು 128ರಲ್ಲೇ ಹಿಡಿದಿಡಿ, ಬಲ ಮೂಲೆಯನ್ನು 255ರಿಂದ 250ಕ್ಕೆ ಇಳಿಸಿ. 20ರ ತನಕ ಪ್ರಿಂಟರ್ ಹೇಗೂ ಪೂರ್ತಿ ಕಪ್ಪೇ ಹಾಕೋದರಿಂದ 16ಕ್ಕೆ ಎತ್ತಿದರೆ ಕಪ್ಪೇನೂ ಕಮ್ಮಿಯಾಗಲ್ಲ. ಅದರ ಮೇಲಿದ್ದ ಹೆಣಿಗೆಯ ಎಳೆಗಳು ಮಾತ್ರ ಮುದ್ದೆಯಿಂದ ಹೊರಗೆ ಬರ್ತವೆ. 24 ದಾಟಿಸಿದರೆ ಕಪ್ಪು ಬೂದಾಗಿಬಿಡುತ್ತೆ, ಆ ಕಡೆ ಹೋಗಬೇಡಿ. ಲೇಯರಿಗೆ ಪೇಪರಿನ ಹೆಸರಿಡಿ. ಪೇಪರ್ ಬದಲಾದರೆ ಪಟ್ಟಿ ಹೊಸದು, ಕರ್ವೂ ಹೊಸದು.

ಬ್ಯಾರೈಟಾಪ್ರಿಯ

ಮೇಲಿನದೆಲ್ಲಾ ಸರಿ. ಆದರೆ ಇವರು ಮಾರಾಟಕ್ಕೆ ಇಡುತ್ತಿದ್ದಾರೆ, ಅದನ್ನು ಯಾರೂ ಗಮನಿಸಿಲ್ಲ. ತಕ್ಷಣ ಒಣಗುವ ಮೈಕ್ರೋಪೋರಸ್ (ಸೂಕ್ಷ್ಮ ರಂಧ್ರಗಳ ಲೇಪನದ) ಗ್ಲಾಸಿ ಮೇಲೆ ಡೈ ಇಂಕ್ ಹಾಕಿ ತೆರೆದಿಟ್ಟರೆ ಗಾಳಿಯ ಓಝೋನ್ ಮತ್ತು ಬೆಳಕು ಸೇರಿ ಬಣ್ಣಗಳನ್ನು ಒಂದೊಂದು ವೇಗದಲ್ಲಿ ತಿನ್ನುತ್ತವೆ. ಮೂರು ಬಣ್ಣದಿಂದ ಕಟ್ಟಿದ ಬೂದಿನಲ್ಲಿ ಒಂದು ಬಣ್ಣ ಮೊದಲು ಹೋದರೆ ಚಿತ್ರ ಪೂರ್ತಿ ಇನ್ನೊಂದು ಬಣ್ಣಕ್ಕೆ ತಿರುಗುತ್ತದೆ. ದುಡ್ಡು ಕೊಟ್ಟವರ ಗೋಡೆಯ ಮೇಲೆ ಹಾಗಾಗಬಾರದು. ಪಿಗ್ಮೆಂಟ್ ಇಂಕ್ (ಕರಗದ ಬಣ್ಣದ ಕಣಗಳ ಇಂಕ್) ಇದಕ್ಕೆ ಬಹಳ ಮೇಲು.

ಎಪ್ಸನ್ ಶ್ಯೂರ್‌ಕಲರ್ ಪಿ700 (13 ಇಂಚು ಅಗಲ) ಮತ್ತು ಪಿ900 (17 ಇಂಚು), ಎರಡರಲ್ಲೂ ಕಪ್ಪಿನ ಜೊತೆಗೆ ಗ್ರೇ ಮತ್ತು ಲೈಟ್ ಗ್ರೇ ಇವೆ. ಡ್ರೈವರಿನ ‘ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್’ ಮೋಡ್ ಈ ಮೂರರಿಂದಲೇ ಬಹುಪಾಲು ಚಿತ್ರ ಕಟ್ಟಿ, ಛಾಯೆಗೆ ಬೇಕಾದಷ್ಟೇ ಬಣ್ಣ ಚಿಮುಕಿಸುತ್ತದೆ. ಹಸಿರು-ಗುಲಾಬಿ ಆಟ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಈ ಮೋಡ್ ಬಳಸುವಾಗ ಫೋಟೋಶಾಪಿನಲ್ಲಿ ‘ಪ್ರಿಂಟರ್ ಮ್ಯಾನೇಜಸ್ ಕಲರ್ಸ್’ ಇರಬೇಕು, ಬೂದುಪಟ್ಟಿಯವರು ಹೇಳಿದ್ದಕ್ಕೆ ಉಲ್ಟಾ. ಕ್ಯಾನನ್‌ನಲ್ಲಿ ಪ್ರೊ-300ಕ್ಕೆ ಒಂದು ಗ್ರೇ, ಪ್ರೊ-1000ಕ್ಕೆ ಗ್ರೇ ಮತ್ತು ಫೋಟೋ ಗ್ರೇ ಎರಡು. ಎರಡರಲ್ಲೂ ಕ್ರೋಮಾ ಆಪ್ಟಿಮೈಸರ್ ಎಂಬ ಬಣ್ಣವಿಲ್ಲದ ಇಂಕ್ ಇದೆ. ಪಿಗ್ಮೆಂಟನ್ನು ಗ್ಲಾಸಿ ಮೇಲೆ ಹಾಕಿದಾಗ ಓರೆಯಾಗಿ ನೋಡಿದರೆ ಕಾಣುವ ತಾಮ್ರದ ಮಿನುಗನ್ನು ಅದು ಅಡಗಿಸುತ್ತದೆ. ಟ್ಯಾಂಕ್ ಪ್ರಿಂಟರೇ ಬೇಕು ಎನ್ನುವವರಿಗೆ ಎಪ್ಸನ್ ಎಲ್8160 (ಎ4) ಮತ್ತು ಎಲ್8180ರಲ್ಲಿ (ಎ3+) ಒಂದು ಗ್ರೇ ಇಂಕ್ ಇದೆ. ಫೋಟೋ ಪೇಪರಿಗೆ ಅವೂ ಡೈ, ಆದರೆ ಬೂದು ಎಷ್ಟೋ ಸ್ಥಿರ.

ಇನ್ನು ಪೇಪರ್. ಪ್ರಿಂಟರಿನಷ್ಟೇ ತೂಕ ಇದಕ್ಕೂ ಇದೆ. ಕಪ್ಪಿನ ಆಳವನ್ನು ಡಿಮ್ಯಾಕ್ಸ್ ಎಂದು ಅಳೆಯುತ್ತಾರೆ. ಪಿಗ್ಮೆಂಟ್ ಇಂಕಿಗೆ ಹತ್ತಿಯ ಮ್ಯಾಟ್ ಪೇಪರಿನಲ್ಲಿ ಅದು 1.6ರ ಆಸುಪಾಸು, ಬ್ಯಾರೈಟಾದಲ್ಲಿ (ಬೇರಿಯಂ ಸಲ್ಫೇಟ್ ಲೇಪನದ ಹೊಳಪಿನ ಪೇಪರ್) 2.2 ದಾಟುತ್ತದೆ. ಈ ಅಳತೆ ಲಾಗರಿದಮ್ಮಿನದು: 0.3 ಹೆಚ್ಚಾದರೆ ಹಿಂದಿರುಗುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಬ್ಯಾರೈಟಾದ ಕಪ್ಪು ಮ್ಯಾಟ್ ಕಪ್ಪಿನ ಕಾಲು ಭಾಗದಷ್ಟು ಬೆಳಕನ್ನು ಮಾತ್ರ ಹಿಂದಕ್ಕೆ ಕೊಡುತ್ತದೆ. ಮಾರ್ಕೆಟ್ಟಿನ ನೆರಳು, ಒದ್ದೆ ನೆಲ, ಬುಟ್ಟಿ ಇವಕ್ಕೆ ಬ್ಯಾರೈಟಾ. ಮಂಜು, ಮುಖ, ಮೆಲು ಬೂದಿಗೆ ಮ್ಯಾಟ್. ಹಾನೆಮ್ಯೂಲ ಫೋಟೋ ರ್‍ಯಾಗ್ ಬ್ಯಾರೈಟಾ 315 ಜಿಎಸ್‌ಎಂ, ಕ್ಯಾನ್ಸನ್ ಬ್ಯಾರೈಟಾ ಫೋಟೋಗ್ರಾಫಿಕ್ II 310, ಮ್ಯಾಟಿನಲ್ಲಿ ಫೋಟೋ ರ್‍ಯಾಗ್ 308, ಇವು ಎಲ್ಲರೂ ಬಳಸುವ ಪೇಪರುಗಳು. ತೀರಾ ನೀಲಿ ಬಿಳುಪಿನ ಅಗ್ಗದ ಗ್ಲಾಸಿಯಲ್ಲಿ ಆಪ್ಟಿಕಲ್ ಬ್ರೈಟ್ನರ್ (ಬಿಳುಪು ಹೆಚ್ಚಿಸುವ ರಾಸಾಯನಿಕ) ತುಂಬಿರುತ್ತದೆ. ಅದರ ಶಕ್ತಿ ಕುಂದಿದ ಮೇಲೆ ಪೇಪರಿನ ನಿಜವಾದ ಹಳದಿ ಹೊರಬೀಳುತ್ತದೆ.

ಎಸ್‌ಪಿರೋಡ್_ವಾಸಿ

ಬ್ಯಾರೈಟಾಪ್ರಿಯ ಅವರೇ, ಒಂದು ಸಂತೆಗೆ ಇಡೋ ಕೆಲವು ಪ್ರಿಂಟಿಗೋಸ್ಕರ ಪಿ900 ತಗೊಳ್ಳಿ ಅನ್ನೋದು ಅತಿಯಾಯ್ತು. ಪಿ700ಗೆ 25 ಮಿ.ಲೀ. ಕಾರ್ಟ್ರಿಜ್, ಪಿ900ಗೆ 50 ಮಿ.ಲೀ., ಹತ್ತು ಬಣ್ಣ. ಯಾವ ಬಣ್ಣ ಖಾಲಿಯಾದರೂ ಪ್ರಿಂಟ್ ನಿಲ್ಲುತ್ತೆ. ಕಪ್ಪು-ಬಿಳುಪೇ ಹಾಕಿದರೂ ಕ್ಲೀನಿಂಗ್‌ನಲ್ಲಿ ಎಲ್ಲಾ ಇಂಕೂ ವ್ಯರ್ಥ ಇಂಕ್ ತುಂಬುವ ಮೇಂಟೆನೆನ್ಸ್ ಬಾಕ್ಸಿಗೆ ಹೋಗುತ್ತೆ. ತಿಂಗಳಿಗೆ ನಾಲ್ಕಾರು ಹಾಳೆ ಹಾಕೋರಿಗೆ ಅದು ಬಿಳಿ ಆನೆ.

ಮನೆಯ ಪ್ರಿಂಟರಲ್ಲಿ ಪ್ರೂಫ್ (ಪರೀಕ್ಷೆಯ ಪ್ರಿಂಟ್) ತೆಗೀರಿ, ಮಾರೋ ಪ್ರಿಂಟನ್ನು ಪಿಗ್ಮೆಂಟ್ ಇಂಕಿನ ಲ್ಯಾಬಲ್ಲಿ ಹಾಕಿಸಿ. ಊರಲ್ಲಿ ಅಂಥವು ಇವೆ. ಹೋಗೋ ಮುಂಚೆ ಫೋನಲ್ಲಿ ಕೇಳಿ: ಪ್ರಿಂಟರ್ ಯಾವ ಮಾಡೆಲ್, ಪೇಪರ್ ಯಾವುದು, ಕಪ್ಪು-ಬಿಳುಪನ್ನು ಐಸಿಸಿಯಲ್ಲಿ ಹಾಕ್ತೀರೋ ಡ್ರೈವರಿನ ಬ್ಲ್ಯಾಕ್ ಅಂಡ್ ವೈಟ್ ಮೋಡಲ್ಲೋ. ಮೂರನೇ ಪ್ರಶ್ನೆಗೆ ತಡವರಿಸಿದರೆ ಬೇರೆ ಕಡೆ ನೋಡಿ. ಫೈಲಿನ ಜೊತೆ ನಿಮ್ಮ ಬೂದು ಪಟ್ಟಿಯನ್ನೂ ಕೊಟ್ಟು ಅದೇ ಪೇಪರಲ್ಲಿ ಒಂದು ಚಿಕ್ಕ ತುಂಡು ಹಾಕಿಸಿ. ಅದನ್ನು ಓದಿ ಕರ್ವ್ ಮಾಡಿ, ಆಮೇಲೆ ದೊಡ್ಡದು. ಫೈಲ್ 16 ಬಿಟ್ ಟಿಫ್, ಎಂಬೆಡ್ ಆದ ಗ್ರೇ ಗಾಮಾ 2.2 ಅಥವಾ ಅಡೋಬಿ ಆರ್‌ಜಿಬಿ, ಎ4ಗೆ 360 ಪಿಪಿಐ ಲೆಕ್ಕದಲ್ಲಿ 2976×4209 ಪಿಕ್ಸೆಲ್. ‘ಆಟೋ ಕರೆಕ್ಷನ್ ಬೇಡ’ ಅಂತ ಬರೆದೇ ಕೊಡಿ. ಬಾಯಲ್ಲಿ ಹೇಳಿದ್ದು ಕೌಂಟರ್ ದಾಟಲ್ಲ.

ಮತ್ತೊಂದು. ಕಂಪ್ಯೂಟರ್ ಸಾಮಾನಿನ ಬೀದಿ ಎಸ್.ಪಿ. ರೋಡಲ್ಲಿ ಲೀಟರ್ ಲೆಕ್ಕದಲ್ಲಿ ಸಿಗೋ ಕಂಪ್ಯಾಟಿಬಲ್ ಇಂಕ್ ಐಡಿ ಕಾರ್ಡು, ಬಿಲ್ಲು, ಪ್ರಾಜೆಕ್ಟ್ ರಿಪೋರ್ಟಿಗೆ ಆಗುತ್ತೆ. ಕಪ್ಪು-ಬಿಳುಪಿಗೆ ಹಾಕಬೇಡಿ. ಒಂದು ಸಲದ ಬಾಟಲಿಗೂ ಮುಂದಿನದಕ್ಕೂ ಛಾಯೆ ಬೇರೆ ಇದ್ದರೆ ನೀವು ಮಾಡಿದ ಕರ್ವ್ ಎಲ್ಲಾ ನೀರುಪಾಲು.

ಬೂದುಪಟ್ಟಿ

ಲ್ಯಾಬಿನ ಮಾತಿಗೆ ನನ್ನದೂ ಒಪ್ಪಿಗೆ. ಮನೆಯ ಪ್ರಿಂಟರ್ ಪ್ರೂಫಿಗೆ ಉಳಿಯೋದಾದರೆ ಅದನ್ನು ನೋಡಿಕೊಳ್ಳೋದು ಹೇಗೆ ಅಂತಲೂ ಹೇಳಿಬಿಡ್ತೀನಿ.

ಪ್ರಿಂಟರನ್ನು ಅದರ ಬಟನ್ನಿಂದಲೇ ಆಫ್ ಮಾಡಿ, ಅದು ಸದ್ದು ನಿಲ್ಲಿಸಿದ ಮೇಲೆ ಗೋಡೆಯ ಸ್ವಿಚ್. ಬಟನ್ ಒತ್ತಿದಾಗಲೇ ಹೆಡ್ ಬಲಗಡೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರೋದು. ನಡುವೆ ಕರೆಂಟ್ ಹೋದರೆ ಹೆಡ್ ಬಾಯಿ ತೆರೆದುಕೊಂಡೇ ನಿಂತಿರುತ್ತೆ, ಫೆಬ್ರವರಿ-ಮಾರ್ಚಿನ ಒಣ ಹವೆಯಲ್ಲಿ ಇಂಕ್ ಕಟ್ಟಿಕೊಳ್ಳೋಕೆ ಅಷ್ಟು ಸಾಕು. ಚಿಕ್ಕ ಯುಪಿಎಸ್‌ಗೆ ಹಾಕಿ, ಲೇಸರ್ ಪ್ರಿಂಟರಿನ ಹಾಗೆ ಇದು ಭಾರಿ ಕರೆಂಟ್ ಎಳೆಯಲ್ಲ. ವಾರಕ್ಕೊಮ್ಮೆ ಆರೂ ಬಣ್ಣ ಇರುವ ಬೆರಳಗಲದ ಪಟ್ಟಿ ಹಾಕಿ. ನಾಜಲ್ ಚೆಕ್ಕಲ್ಲಿ ಗೆರೆ ತಪ್ಪಿದ್ದರೆ ಹೆಡ್ ಕ್ಲೀನಿಂಗ್ ಮೂರು ಸಲ, ಅದಕ್ಕಿಂತ ಹೆಚ್ಚು ಬೇಡ. ಹನ್ನೆರಡು ಗಂಟೆ ಬಿಟ್ಟು ಮತ್ತೆ ಚೆಕ್ ಮಾಡಿ, ಎಷ್ಟೋ ಸಲ ತಾನಾಗೇ ಬಿಟ್ಟುಕೊಂಡಿರುತ್ತೆ.

ಮಳೆಗಾಲದಲ್ಲಿ ತಲೆನೋವು ಪೇಪರಿನದು. ಪ್ಯಾಕ್ ತೆರೆದ ಮೇಲೆ ಹಾಳೆಗಳನ್ನು ಅದರದೇ ಪ್ಲಾಸ್ಟಿಕ್ ಕವರಲ್ಲಿ ಮುಚ್ಚಿ, ಚಪ್ಪಟೆಯಾಗಿ ಇಡಿ. ತೇವ ಕುಡಿದ ದಪ್ಪ ಹಾಳೆಯ ಅಂಚು ಅಲೆಯಾಗಿ ಎದ್ದು ಹೆಡ್ಡಿಗೆ ತಾಗಿ ಕರಿ ಗೀಟು ಬೀಳುತ್ತೆ. ಯಾವ ಬದಿಗೆ ಲೇಪನ ಇದೆ ಅಂತ ಅನುಮಾನ ಬಂದರೆ ಒದ್ದೆ ಬೆರಳನ್ನು ಮೂಲೆಗೆ ಒತ್ತಿ, ಅಂಟೋ ಬದಿಯೇ ಪ್ರಿಂಟ್ ಬದಿ. ಹತ್ತಿ ಪೇಪರಾದರೆ ಟ್ರೇಗೆ ಹಾಕೋ ಮುಂಚೆ ಅಗಲವಾದ ಮೃದು ಬ್ರಷ್ಷಲ್ಲಿ ಒಮ್ಮೆ ಗುಡಿಸಿ. ಮೇಲಿದ್ದ ನಾರಿನ ಪುಡಿಯ ಮೇಲೆ ಇಂಕ್ ಬಿದ್ದು, ಆಮೇಲೆ ಆ ಪುಡಿ ಉದುರಿದರೆ ಕಪ್ಪಿನ ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ ಉಳಿಯುತ್ತೆ.

ಜಯನಗರ_ನಾಲ್ಕನೇಬ್ಲಾಕ್

ಪ್ರೂಫ್ ಮನೆಯಲ್ಲಿ, ಮಾರಾಟದ್ದು ಲ್ಯಾಬಲ್ಲಿ ಬ್ಯಾರೈಟಾ ಮೇಲೆ, ಹಾಗೇ ಮಾಡ್ತೀನಿ. ಕೊನೇ ಪ್ರಶ್ನೆ, ಫ್ರೇಮ್ ಅಂಗಡಿಯವರಿಗೆ ಏನು ಹೇಳಬೇಕು? ಸಹಿ ಎಲ್ಲಿ, ಯಾವುದರಲ್ಲಿ ಹಾಕೋದು?

ಬ್ಯಾರೈಟಾಪ್ರಿಯ

ಪ್ರಿಂಟ್ ಕನಿಷ್ಠ 24 ಗಂಟೆ ಗಾಳಿಯಲ್ಲಿ ಒಣಗಿರಲಿ, ಇಲ್ಲದಿದ್ದರೆ ಗಾಜಿನ ಒಳಮೈಗೆ ಮಂಜು ಕಟ್ಟುತ್ತದೆ. ಗಾಜು ಪ್ರಿಂಟಿಗೆ ತಾಗಬಾರದು, ನಡುವೆ ಆಸಿಡ್-ಫ್ರೀ ಮೌಂಟ್ ಬೋರ್ಡ್ (ಚಿತ್ರದ ಅಳತೆಗೆ ಕಿಟಕಿ ಕತ್ತರಿಸಿದ ದಪ್ಪ ರಟ್ಟು) ಇರಲೇಬೇಕು. ಹಿಂದುಗಡೆ ಅವರು ಹಾಕುವ ಹಾರ್ಡ್‌ಬೋರ್ಡಿನಲ್ಲಿ ಆಮ್ಲ ಇರುತ್ತದೆ, ಅದಕ್ಕೂ ಪ್ರಿಂಟಿಗೂ ನಡುವೆ ಇನ್ನೊಂದು ಆಸಿಡ್-ಫ್ರೀ ಹಾಳೆ ಹಾಕಿಸಿ. ಸೆಲ್ಲೋಟೇಪ್, ಬ್ರೌನ್ ಟೇಪ್, ಫೆವಿಕಾಲ್ ಯಾವುದೂ ಪ್ರಿಂಟನ್ನು ಮುಟ್ಟಕೂಡದು. ಮೇಲಂಚಿನಲ್ಲಿ ಎರಡು ಪೇಪರ್ ಟೇಪ್ ಹಿಂಜ್ (ಪ್ರಿಂಟನ್ನು ತೂಗುಹಾಕುವ ಚಿಕ್ಕ ಪಟ್ಟಿ) ಸಾಕು, ನಾಲ್ಕೂ ಕಡೆ ಅಂಟಿಸಿದರೆ ಮಳೆಗಾಲದಲ್ಲಿ ಪೇಪರ್ ಹಿಗ್ಗಿ ನಡುವೆ ಉಬ್ಬುತ್ತದೆ.

ಸಹಿಗೆ ಚಿತ್ರದ ಕೆಳಗೆ 2 ಸೆಂ.ಮೀ. ಬಿಳಿ ಅಂಚು ಬಿಡುವ ಹಾಗೆ ಫೈಲ್ ಮಾಡಿ, ಮೌಂಟಿನ ಕಿಟಕಿಯನ್ನೂ ಅಷ್ಟು ದೊಡ್ಡದಾಗಿ ಕತ್ತರಿಸಲು ಹೇಳಿ. ಮ್ಯಾಟ್ ಪೇಪರಾದರೆ ಎಚ್‌ಬಿ ಪೆನ್ಸಿಲ್. ಬ್ಯಾರೈಟಾದ ಹೊಳಪಿನ ಮೇಲೆ ಪೆನ್ಸಿಲ್ ಸರಿಯಾಗಿ ಹಿಡಿಯುವುದಿಲ್ಲ, ಅಲ್ಲಿಗೆ ಪಿಗ್ಮೆಂಟ್ ಇಂಕಿನ 0.3 ಮಿ.ಮೀ. ಪೆನ್ನು. ಮೊದಲು ಬೂದು ಪಟ್ಟಿ ಹಾಕಿಸಿದ ತುಂಡಿನ ಮೇಲೆ ಗೀಚಿ, ಒಣಗಿದ ಮೇಲೆ ಬೆರಳಿಂದ ಉಜ್ಜಿ ನೋಡಿ.